ಪ್ರತಿ: ಬಜೆಟ್ ಗೇಮಿಂಗ್ ಪಿಸಿಗೆ ಈ ಪಟ್ಟಿ ಸರಿಯಾ?

ನೀವು ಹಾಕಿರುವ ಬಿಡಿಭಾಗಗಳ ಪಟ್ಟಿಯಲ್ಲಿ ದುಡ್ಡು ಜಾಸ್ತಿ ಹೋಗಿರುವುದು 8 ಕೋರ್ (ಒಳಗೆ ಕೆಲಸ ಮಾಡುವ ಘಟಕ) ಇರುವ ಪ್ರೊಸೆಸರ್‌ಗೆ, ಅದಕ್ಕೇ ಗ್ರಾಫಿಕ್ಸ್ ಕಾರ್ಡ್‌ಗೆ ಸಾಲುತ್ತಿಲ್ಲ. ಬರೀ ಗೇಮಿಂಗ್ ಅಲ್ವಾ? 6 ಕೋರ್‌ನ ರೈಜನ್ 5 5600 ಅಥವಾ ಐ5-12400ಎಫ್ ಸಾಕು. ಮೊದಲು ಅದನ್ನು ಬದಲಿಸಿ, ಉಳಿದದ್ದನ್ನು ಕಾರ್ಡ್‌ಗೆ ಹಾಕಿ. ಮಾನಿಟರ್ ಯಾವುದು ಅಂತ ನೀವು ಬರೆದಿಲ್ಲ. ಅದರ ರೆಸಲ್ಯೂಷನ್ 1080ಪಿ (ಫುಲ್ ಎಚ್‌ಡಿ) ಆದರೆ 8 ಜಿಬಿ ಮೆಮೊರಿಯ ಕಾರ್ಡ್ ನಡೆಯಬಹುದು, ಅದಕ್ಕಿಂತ ಸ್ಪಷ್ಟವಾದ 1440ಪಿ ಆದರೆ 12 ಜಿಬಿ ನೋಡಿ.

ಆಮೇಲೆ ರ್‍ಯಾಮ್. 16 ಜಿಬಿಯ ಒಂದೇ ಸ್ಟಿಕ್ ಬೇಡ, 8ರ ಎರಡು ತಗೊಳ್ಳಿ, ಎರಡೂ ಒಟ್ಟಿಗೆ ಕೆಲಸ ಮಾಡಿದರೆ ವೇಗ ಜಾಸ್ತಿ. ಮದರ್‌ಬೋರ್ಡ್‌ನಲ್ಲಿ ಅದಕ್ಕೆ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೆಯದಕ್ಕೆ ಹಾಕಬೇಕು, ಮ್ಯಾನ್ಯುಯಲ್ ಒಮ್ಮೆ ನೋಡಿ. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ ಆನ್ ಮಾಡಿ, ಅದು ಮೆಮೊರಿಯನ್ನು ಅದರ ಮೇಲೆ ಬರೆದಿರುವ ವೇಗದಲ್ಲಿ ಓಡಿಸುವ ಆಯ್ಕೆ.

ಪವರ್ ಸಪ್ಲೈನಲ್ಲಿ ಮಾತ್ರ ಉಳಿತಾಯ ಬೇಡವೇ ಬೇಡ. ಆರ್ಡರ್ ಮಾಡುವ ಮುಂಚೆ ಕಾರ್ಡ್‌ನ ಉದ್ದ ಕ್ಯಾಬಿನೆಟ್‌ಗೆ ಹಿಡಿಸುತ್ತದಾ ನೋಡಿಕೊಳ್ಳಿ. ಮೇಲಿನ ಎರಡೂ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಮಾನಿಟರ್ ಕೇಬಲ್ ಕಾರ್ಡ್‌ಗೇ ಹಾಕಿ.