ಹಳ್ಳಿ ಶಾಲೆಯಲ್ಲಿ ಮಕ್ಕಳ ಮಾತಿಗೆ, ಕನಸಿಗೆ ಜಾಗ ಮಾಡಿಕೊಡೋದು ಹೇಗೆ?

ಶಿಡ್ಲಘಟ್ಟ ಕಡೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರ ಪ್ರಶ್ನೆ ಇದು. ಮೊದಲು ಮಕ್ಕಳ ಗ್ರಾಮಸಭೆಯನ್ನು, ಅಂದರೆ ಮಕ್ಕಳು ತಮ್ಮ ಬೇಡಿಕೆಗಳನ್ನು ಪಂಚಾಯಿತಿ ಮುಂದೆ ಇಡುವ ಸಭೆಯನ್ನು, ಸರಿಯಾಗಿ ಬಳಸಿಕೊಳ್ಳಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಇದನ್ನು ನಡೆಸಬೇಕು. ಎಷ್ಟೋ ಕಡೆ ದೊಡ್ಡವರ ಭಾಷಣ, ಬಿಸ್ಕತ್ತು, ಫೋಟೊ, ಅಷ್ಟಕ್ಕೇ ಮುಗಿದುಹೋಗುತ್ತದೆ. ಬೇಜಾರಿನ ವಿಷಯ.

ಸಭೆಗೆ ಒಂದು ವಾರ ಮುಂಚೆ ಮಕ್ಕಳೇ ಕೂತು ಬೇಡಿಕೆಗಳ ಪಟ್ಟಿ ಮಾಡಲಿ. ಹೆಣ್ಣುಮಕ್ಕಳು ಒಮ್ಮೆ ಬೇರೆಯಾಗಿ ಕೂರಲಿ. ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಅನ್ನೋ ಮಾತು ಎಲ್ಲರೆದುರು ಬಾಯಿಗೆ ಬರಲ್ಲ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೊಟ್ಟ ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ಶಾಲೆಯ ಗೋಡೆಗೆ ಅಂಟಿಸಿ. ಕೇಳಿದ್ದು ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಮಕ್ಕಳಿಗೇ ಹೇಳಬೇಕು. ಯಾರಾದರೂ ತಕರಾರು ಎತ್ತಿದರೆ, 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ, ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಕ್ಕಳಿಗೆ ಕೊಡುವ 12ನೇ ವಿಧಿ ತೋರಿಸಿ. ಭಾರತ ಈ ಒಡಂಬಡಿಕೆಯನ್ನು 1992ರಲ್ಲೇ ಒಪ್ಪಿಕೊಂಡಿದೆ.

ಇನ್ನು ಕನಸು. "ಏನಾಗ್ತೀಯ?" ಅಂದ್ರೆ ಜಾಸ್ತಿ ಮಕ್ಕಳು ಟೀಚರ್, ಪೊಲೀಸ್ ಅಂತಾರೆ. ನೋಡಿರೋದೇ ಅಷ್ಟು, ಅಲ್ವಾ? ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ, ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸುಮ್ನೆ ಸುತ್ತಾಡಿಸಬೇಡಿ. ಅಲ್ಲಿ ಕೆಲಸ ಮಾಡುವವರು ಏನು ಓದಿದ್ದಾರೆ, ಹೇಗೆ ಸೇರಿದರು ಅಂತ ಮಕ್ಕಳೇ ಕೇಳಿ ಬರೆದುಕೊಳ್ಳಲಿ.