ನಾನು ಕೇಸ್ ಶೀಟಿನಲ್ಲಿ ಬರೆದ ಪದ

ಪ್ರಶ್ನೆ: ನಾನು ವೈದ್ಯಕೀಯ ವಿದ್ಯಾರ್ಥಿನಿ. ಮನೋವೈದ್ಯ ವಿಭಾಗದಲ್ಲಿ ಎರಡು ವಾರ ಪೋಸ್ಟಿಂಗ್ ಇತ್ತು. ರೋಗಿಗಳ ಹತ್ತಿರ ನಿಲ್ಲಲೂ ಭಯವಾಗುತ್ತಿತ್ತು. ಗೋಡೆಯೊಂದಿಗೆ ಮಾತನಾಡುತ್ತಿದ್ದ ಮಹಿಳೆಯೊಬ್ಬರನ್ನು ಹಾಸ್ಟೆಲ್ಲಿನಲ್ಲಿ ಅನುಕರಿಸಿ ಎಲ್ಲರನ್ನೂ ನಗಿಸಿದೆ. ಈಗ ನಾಚಿಕೆಯಾಗುತ್ತಿದೆ. ನಾನು ವೈದ್ಯೆಯಾಗಲು ಯೋಗ್ಯಳೇ?
– ಹೆಸರು ಬೇಡ

ಉತ್ತರ: ನಾಚಿಕೆಯಾಗುತ್ತಿದೆ ಎಂದು ಬರೆದಿದ್ದೀರಿ. ಯೋಗ್ಯತೆಯ ಪ್ರಶ್ನೆಗೆ ಅಷ್ಟು ಉತ್ತರ ಸಾಕು. ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದವನು. ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದವರೊಬ್ಬರು ಹೊಟ್ಟೆನೋವೆಂದು ಬಂದರು. "ಒಳಗೆ ಯಾರೋ ಬೆಂಕಿ ಇಟ್ಟಿದ್ದಾರೆ" ಎಂದರು. ಹಳೆಯ ಚೀಟಿ ನೋಡಿದವನೇ ಕೇಸ್ ಶೀಟಿನಲ್ಲಿ 'ಭ್ರಮೆ' ಎಂದು ಬರೆದೆ. ಹೊಟ್ಟೆಯ ಮೇಲೆ ಕೈಯನ್ನೇ ಇಡಲಿಲ್ಲ. ಬೆಳಗ್ಗೆ ನರ್ಸ್ ಕರೆದಾಗ ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ಅಪೆಂಡಿಕ್ಸ್ ಒಡೆದಿತ್ತು. ಶಸ್ತ್ರಚಿಕಿತ್ಸೆಯಾಗಿ ಅವರು ಬದುಕಿಕೊಂಡರು. ಮಾಮೂಲಿ ರೋಗಿ ಅದೇ ಮಾತನ್ನು ಹೇಳಿದ್ದರೆ 'ಉರಿ' ಎಂದು ಬರೆದು ಪರೀಕ್ಷೆ ಮಾಡುತ್ತಿದ್ದೆ.

ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಲವು ಸಲ ಕಾರಣ, ತಡೆಯಬಹುದಾಗಿದ್ದ ದೈಹಿಕ ಕಾಯಿಲೆ. ನಮ್ಮ ಧೋರಣೆ ಬರೀ ಸಭ್ಯತೆಯ ವಿಷಯವಲ್ಲ ಎಂದು ನಾನು ಹಟದಿಂದ ಹೇಳುವುದು ಇದಕ್ಕೇ.

ನಿಮ್ಮ ಭಯಕ್ಕೆ ಬೇರೆಯೇ ಮೂಲವಿದೆ. 1984ರಲ್ಲಿ ಸಂಶೋಧಕರಾದ ಪೆಟ್ರೀಷಿಯಾ ಕೊಹೆನ್ ಮತ್ತು ಜೇಕಬ್ ಕೊಹೆನ್ ಅದನ್ನು 'ಚಿಕಿತ್ಸಕರ ಭ್ರಮೆ' ಎಂದು ಕರೆದರು. ದೀರ್ಘಕಾಲ ನರಳುವವರೇ ಮತ್ತೆ ಮತ್ತೆ ನಮ್ಮ ಕಣ್ಣಿಗೆ ಬೀಳುತ್ತಾರೆ. ಗುಣವಾದವರು ಮನೆ, ಕೆಲಸ ಎಂದು ಹೋಗಿಬಿಟ್ಟಿರುತ್ತಾರೆ. ಎರಡು ವಾರದಲ್ಲಿ ನೀವು ಕಂಡದ್ದು ಜನರ ಅತ್ಯಂತ ಕೆಟ್ಟ ದಿನಗಳನ್ನು ಮಾತ್ರ. ಪ್ರಾಧ್ಯಾಪಕರ ಅನುಮತಿ ಪಡೆದು ಮರುಭೇಟಿಯ ಹೊರರೋಗಿ ವಿಭಾಗದಲ್ಲಿ ನಾಲ್ಕು ದಿನ ಕುಳಿತುಕೊಳ್ಳಿ. ಮಾತ್ರೆ ಬರೆಸಿಕೊಂಡು, ಕೆಲಸಕ್ಕೆ ತಡವಾಯಿತೆಂದು ಗಡಿಯಾರ ನೋಡುತ್ತಾ ಎದ್ದು ಹೋಗುವವರನ್ನು ಅಲ್ಲಿ ನೋಡುತ್ತೀರಿ.

ಇನ್ನೊಂದು ಮಾತು, ಇದು ನನ್ನನ್ನು ಹೆಚ್ಚು ಕಾಡುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 27ರಷ್ಟು ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ಹಾಸ್ಟೆಲ್ಲಿನಲ್ಲಿ ನಕ್ಕವರ ನಡುವೆಯೇ ಅಂಥವರೊಬ್ಬರು ಕುಳಿತಿರಬಹುದು. ತನ್ನ ಸಂಕಟವನ್ನು ಯಾರಿಗೂ ಹೇಳಬಾರದೆಂದು ಅಂದೇ ನಿರ್ಧರಿಸಿರಬಹುದು. ಆ ಕೋಣೆಯಲ್ಲಿಯೇ, ಅವರೆದುರಿಗೇ, ಅಂದು ಮಾಡಿದ್ದು ತಪ್ಪಾಯಿತೆಂದು ಹೇಳಿ.

ಆ ಮಹಿಳೆ ಇನ್ನೂ ವಾರ್ಡಿನಲ್ಲಿದ್ದರೆ ನಾಳೆಯೇ ಹೋಗಿ. ಕುರ್ಚಿ ಎಳೆದುಕೊಂಡು ಕುಳಿತು, ಹೆಸರು ಹಿಡಿದು ಮಾತನಾಡಿಸಿ. ರಾತ್ರಿ ನಿದ್ದೆ ಬಂತೇ ಎಂದು ಕೇಳಿ.