ಆಗದಿರುವುದು ಅಡುಗೆಯೋ, ತಂಗಳೋ?

ನಿಮ್ಮ ಪತ್ರ ಓದಿದೆ. ಹಬ್ಬದ ದಿನ ಎಲ್ಲರ ಜೊತೆ ಕೂತು ಉಂಡಾಗ ನಿಮಗೆ ಏನೂ ಆಗುವುದಿಲ್ಲ. ಉಳಿದ ಅಡುಗೆಯನ್ನು ಮಾರನೇ ದಿನ, ಮೂರನೇ ದಿನ ಬಿಸಿ ಮಾಡಿ ತಿಂದಾಗ ಮಾತ್ರ ಹೊಟ್ಟೆ ಉಬ್ಬುತ್ತದೆ, ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ. ಮನೆಯವರು ‘ಎಲ್ಲ ನಿನ್ನ ಮನಸ್ಸಿನದು’ ಅನ್ನುತ್ತಾರೆ. ಹಾಲು, ಗೋಧಿ, ಬೀಜಗಳು ಮೂರನ್ನೂ ಇವತ್ತಿನಿಂದಲೇ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ.

ಈಗಲೇ ಬಿಡಬೇಡಿ. ಮೊದಲು ನಿಮ್ಮ ಪತ್ರದಲ್ಲೇ ಇರುವ ಸುಳಿವನ್ನು ನೋಡೋಣ. ಹಾಲೋ ಗೋಧಿಯೋ ಆಗದಿದ್ದರೆ ಹಬ್ಬದ ದಿನವೇ ಕಾಟ ಕೊಡಬೇಕಿತ್ತು, ಅಲ್ವಾ? ಅವತ್ತು ತಿಂದದ್ದೂ ಜಾಸ್ತಿಯೇ ಇರುತ್ತದೆ. ಅಡುಗೆ ಅದೇ, ತಿಂದವರು ನೀವೇ. ಬದಲಾಗಿದ್ದು ಅಡುಗೆಯಾಗಿ ಕಳೆದ ಗಂಟೆಗಳು. ನನಗೆ ಮೊದಲ ಅನುಮಾನ ಬರುವುದು ಅದರ ಮೇಲೆಯೇ.

ನಾನು ವೈದ್ಯನಲ್ಲ. ಆದರೆ ಇದರ ಬಗ್ಗೆ ತಿಳಿದಿರುವ ಕೆಲವು ವಿಷಯ ನಿಮಗೆ ಉಪಯೋಗವಾಗಬಹುದು.

ಮೀನು, ಮಾಂಸದಂಥ ಪ್ರೊಟೀನ್ ಜಾಸ್ತಿಯಿರುವ ಅಡುಗೆ ಹಳತಾದಂತೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತವೆ. ಮೀನಿನಲ್ಲಂತೂ ಇದು ಬೇಗ. ನಮ್ಮ ಕರುಳಿನಲ್ಲಿ ಇದನ್ನು ಒಡೆಯುವ ಕಿಣ್ವವೊಂದಿದೆ. ಕೆಲವರಲ್ಲಿ ಅದು ಸಾಕಷ್ಟು ಕೆಲಸ ಮಾಡುವುದಿಲ್ಲ ಎಂದು ತಜ್ಞರು ಭಾವಿಸುತ್ತಾರೆ. ಅಂಥವರಿಗೆ ಮುಖ ಕೆಂಪಾಗುವುದು, ತಲೆನೋವು, ಮೂಗು ಸೋರುವುದು, ಹೊಟ್ಟೆ ಕೆಡುವುದು ಎಲ್ಲ ಒಟ್ಟಿಗೇ ಬರಬಹುದು. ನಿಮ್ಮ ಲಕ್ಷಣಗಳಿಗೆ ಇದು ಹತ್ತಿರವಾಗಿದೆ. ಎಷ್ಟು ಕುದಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ ಎಂಬುದು ನೆನಪಿರಲಿ. ಫ್ರಿಜ್ ಅದನ್ನು ನಿಧಾನ ಮಾಡುತ್ತದೆ, ಅಷ್ಟೆ. ಅಡುಗೆಯಾದ ದಿನವೇ ಫ್ರೀಜರ್‌ಗೆ ಹೋದರೆ ಅದರ ಏರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಇದನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಅಂತ ಇಲ್ಲದ ಕಾರಣ, ಗಮನಿಸಿ ನೋಡುವುದೇ ಮುಖ್ಯ ದಾರಿ.

ಹೊಟ್ಟೆ ಉಬ್ಬರಕ್ಕೆ ಬೇರೆ ಕಾರಣವೂ ಇರಬಹುದು. ಅನ್ನ, ಆಲೂಗಡ್ಡೆ ಬೆಂದು ತಣ್ಣಗಾದಾಗ ಅದರ ಪಿಷ್ಟದ ಒಂದು ಭಾಗ ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಅದು ಹಾಗೇ ದೊಡ್ಡ ಕರುಳಿಗೆ ಹೋಗಿ ಹುದುಗುತ್ತದೆ, ಗ್ಯಾಸ್ ಆಗುತ್ತದೆ. ಎಷ್ಟೋ ಜನಕ್ಕೆ ಇದು ಒಳ್ಳೆಯದೇ. ಸೂಕ್ಷ್ಮ ಹೊಟ್ಟೆಯವರಿಗೆ ಮಾತ್ರ ಕಷ್ಟ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಹೀಗೇ ಹುದುಗುವ, ಫ್ರಕ್ಟಾನ್ ಎಂಬ ಒಂದು ಬಗೆಯ ಸಕ್ಕರೆ ಇದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಇಂಥ ಸಕ್ಕರೆಗಳ ಗುಂಪಿಗೆ ಫಾಡ್‌ಮ್ಯಾಪ್ ಎಂದು ಹೆಸರಿಟ್ಟರು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ. ಆದ್ದರಿಂದ ರಸದಿಂದ ಈರುಳ್ಳಿ ಚೂರುಗಳನ್ನು ಆರಿಸಿ ತೆಗೆದರೆ ಪ್ರಯೋಜನವಿಲ್ಲ.

ಇನ್ನು, ಸುಮ್ನೆ ಕೆಟ್ಟ ಊಟವೂ ಆಗಿರಬಹುದು. ಬೇಯಿಸಿದ ಅನ್ನ ಹೊರಗೇ ಉಳಿದರೆ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸತ್ತರೂ ಆ ವಿಷ ಹೋಗುವುದಿಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರು. ಅದನ್ನು ಅಲರ್ಜಿ ಎಂದುಕೊಂಡು ವರ್ಷಗಟ್ಟಲೆ ಪಥ್ಯ ಮಾಡುವುದು ಎಷ್ಟು ನಷ್ಟ! ಅಡುಗೆ 2 ಗಂಟೆಗಿಂತ ಹೆಚ್ಚು ಹೊರಗಿರಬಾರದು. ಚಿಕ್ಕ ಡಬ್ಬಿಗಳಲ್ಲಿ ಬೇಗ ತಣಿಸಿ 5 ಡಿಗ್ರಿಗಿಂತ ಕೆಳಗಿಡಿ. ಫ್ರಿಜ್‌ನಲ್ಲಿ 3-4 ದಿನವೇ ಗಡುವು.

ಈಗ ನೀವು ಮಾಡಬೇಕಾದ್ದು. ಹಬ್ಬವಿಲ್ಲದ ಸಾಮಾನ್ಯ ದಿನ, ಅದೇ ಅಡುಗೆಯನ್ನು ಹೊಸದಾಗಿ ಮಾಡಿ, ಎಂದಿನಷ್ಟೇ ತಿನ್ನಿ. ಏನೂ ಆಗದಿದ್ದರೆ ಸಾಮಗ್ರಿಗಳ ಮೇಲಿನ ಅನುಮಾನ ಬಹಳಷ್ಟು ಕಡಿಮೆಯಾಯಿತು. ಆದರೆ ಮತ್ತೆ ಮತ್ತೆ ತೊಂದರೆಯಾದರೆ, ಆಗ ಒಂದೊಂದೇ ಪದಾರ್ಥವನ್ನು ಕೆಲವು ವಾರ ಬಿಟ್ಟು, ಆಮೇಲೆ ಮತ್ತೆ ಸೇರಿಸಿ ನೋಡುವ ಮಾತು. ಇದನ್ನು ಆಹಾರ ತಜ್ಞರ ಜೊತೆ ಮಾಡುವುದು ಒಳ್ಳೆಯದು. ಏನು ತಿಂದಿರಿ ಎಂದು ಬರೆದಿಡುವಾಗ, ಅದು ಯಾವಾಗ ಬೆಂದದ್ದು, ಎಷ್ಟು ತಿಂದಿರಿ, ತಿಂದ ಎಷ್ಟು ಹೊತ್ತಿಗೆ ತೊಂದರೆ ಬಂತು ಎಂದೂ ಬರೆಯಿರಿ. ನಿದ್ದೆಗೆಟ್ಟಿದ್ದರೆ, ನೋವಿನ ಮಾತ್ರೆ ನುಂಗಿದ್ದರೆ ಅದನ್ನೂ. ಹಬ್ಬದ ದಿನಗಳಲ್ಲಿ ಇವೆಲ್ಲ ಒಟ್ಟೊಟ್ಟಿಗೇ ಬರುತ್ತವೆ.

ಆದರೆ ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ತಿಂದ ಕೆಲವು ನಿಮಿಷದಿಂದ 2 ಗಂಟೆಯೊಳಗೆ ಮೈಮೇಲೆ ಗಂದೆ ಏಳುವುದು, ತುಟಿ ಊದುವುದು, ಗಂಟಲು ಬಿಗಿಯುವುದು, ಉಸಿರು ಕಟ್ಟುವುದು ಇದ್ದರೆ ಮನೆಯಲ್ಲಿ ಯಾವ ಪ್ರಯೋಗವೂ ಬೇಡ. ಉಸಿರಿಗೆ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಉಳಿದ ಅಡುಗೆಗಳಿಗೆಲ್ಲ ಒಂದೇ ಸೌಟು ಹಾಕಿದರೆ, ಮೊದಲ ದಿನ ನಿಮ್ಮ ತಟ್ಟೆಗೆ ಬಾರದ ಬೀಜದ ಚೂರು ಎರಡನೇ ದಿನ ಬರಬಹುದು. ನಿಜವಾದ ಅಲರ್ಜಿ ಇರುವವರಿಗೆ ಅಷ್ಟೇ ಸಾಕು.

ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆಗೆ ಸೀಲಿಯಾಕ್ ಎನ್ನುತ್ತಾರೆ. ಅದರ ರಕ್ತಪರೀಕ್ಷೆಗೆ ಮುಂಚೆ ಗೋಧಿಯನ್ನಂತೂ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ರಕ್ತದಲ್ಲಿನ ಒಂದು ಬಗೆಯ ಪ್ರತಿಕಾಯವನ್ನು ಅಳೆದು ನೂರಾರು ಆಹಾರಗಳ ಪಟ್ಟಿ ಕೊಡುವ ಐಜಿಜಿ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅದು ನೀವು ಏನು ತಿಂದಿದ್ದೀರಿ ಎಂದು ತೋರಿಸುತ್ತದೆಯೇ ಹೊರತು ಯಾವ ಆಹಾರ ನಿಮಗೆ ಒಗ್ಗುವುದಿಲ್ಲ ಎಂದಲ್ಲ. ಅಲರ್ಜಿ ತಜ್ಞರ ಸಂಘಗಳೇ ಅದು ಬೇಡ ಎಂದಿವೆ.

ಮನೆಯವರ ಮಾತಿಗೆ ಬೇಸರಪಡಬೇಡಿ. ನಿಮ್ಮ ನೋವು ನಿಜ. ಕಾರಣದ ಬಗ್ಗೆ ನಮ್ಮ ಊಹೆ ಮಾತ್ರ ತಪ್ಪಬಹುದು. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಹಾಲು ತಮಗೆ ಸ್ವಲ್ಪವೂ ಆಗುವುದಿಲ್ಲ ಎಂದು ನಂಬಿದ್ದವರಿಗೆ ಯಾವುದು ಯಾವುದೆಂದು ಹೇಳದೆ ಮಾಮೂಲಿ ಹಾಲನ್ನೂ, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನು ಮೊದಲೇ ಒಡೆದ ಹಾಲನ್ನೂ ಕೊಟ್ಟರು. ದಿನಕ್ಕೆ ಒಂದು ಲೋಟ ಕುಡಿದಾಗ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರು ಪದಾರ್ಥ ಒಟ್ಟಿಗೇ ಬಿಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಮುಂದಿನ ಹಬ್ಬಕ್ಕೆ, ಊಟ ಮುಗಿದ ಕೂಡಲೇ ನಿಮ್ಮ ಪಾಲನ್ನು ಬೇರೆ ಸೌಟಿನಿಂದ ಸಣ್ಣ ಡಬ್ಬಿಗೆ ತೆಗೆದು, ತಣಿಸಿ ಫ್ರೀಜರ್‌ಗೆ ಹಾಕಿಡಿ. ಯಾರಾದರೂ ಬಲವಂತ ಮಾಡಿದರೆ ‘ಇವತ್ತು ಮಾಡಿದ್ದು ಕೊಡಿ, ಖುಷಿಯಾಗಿ ತಿಂತೀನಿ. ನಿನ್ನೇದು ನನಗೆ ಆಗ್ತಿಲ್ಲ’ ಅನ್ನಿ. ಬರೆದಿಟ್ಟ ಪುಟಗಳನ್ನು ವೈದ್ಯರಿಗೆ ತೋರಿಸಿ. ನೀವು ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನೂ ಅವರಿಗೆ ಹೇಳಿ. ಏನು ಗೊತ್ತಾಯಿತು ಎಂದು ನಮಗೂ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ